ಪ್ಯಾಕೇಜ್, ನ್ಯೂಕ್, ಇಲ್ಲವೇ ಪಾಲಾದ ಹಿಂಡು: ಅಮೆರಿಕದ ಹಿತ್ತಲಿನ ಮೊದಲ ಪೆಟ್ಟಿಗೆಗೆ ಯಾವ ಜೇನು?

ಜನವರಿ ಬಂದರೆ ಸಾಕು, ಗೆಳೆಯರ ಫೋನು ಶುರುವಾಗುತ್ತದೆ. ಪೆಟ್ಟಿಗೆ ತಂದಾಗಿದೆ, ಬಣ್ಣ ಹೊಡೆದಾಗಿದೆ. ಈಗ ಒಳಗೆ ಜೇನು ತುಂಬಿಸುವುದು ಹೇಗೆ? ಪ್ಯಾಕೇಜ್ (ತೂಗಿ ಕೊಡುವ ನೊಣಗಳ ಡಬ್ಬ) ಆರ್ಡರ್ ಮಾಡಬೇಕಾ, ದುಡ್ಡು ಸ್ವಲ್ಪ ಜಾಸ್ತಿ ಹಾಕಿ ನ್ಯೂಕ್ (ರಾಣಿ, ಮರಿ ಸಮೇತದ ಪುಟ್ಟ ಸಂಸಾರ) ತರಬೇಕಾ, ಅಥವಾ ಪಾಲಾಗಿ, ಅಂದರೆ ತುಂಬಿದ ಗೂಡಿನಿಂದ ರಾಣಿ ಸಮೇತ ಒಡೆದು ಹೊರಬಂದು, ಯಾರದ್ದೋ ಮರದಲ್ಲಿ ಕೂತ ಹಿಂಡು ಸಿಗುವವರೆಗೆ ಕಾಯಬೇಕಾ? ಕೇಳುವವರಲ್ಲಿ ಪುತ್ತೂರು, ಶಿರಸಿ, ಕೊಡಗಿನ ಕಡೆಯವರೇ ಜಾಸ್ತಿ. ಊರಲ್ಲಿ ತುಡುವೆ (ನಮ್ಮ ನಾಡಿನ ಸಾಕು ಜೇನು) ಪೆಟ್ಟಿಗೆ ನೋಡಿ ಬೆಳೆದವರು. ಅವರಿಗೆ ಜೇನಿನ ಭಯ ಇಲ್ಲ. ಆದರೆ ಎರಿಯೇ (ಮೇಣದ ಹುಟ್ಟೇ) ಇಲ್ಲದೆ ಬರೀ ನೊಣಗಳನ್ನು ತೂಕ ಮಾಡಿ ಮಾರುವ ಈ ಪದ್ಧತಿ ವಿಚಿತ್ರ ಅನ್ನಿಸುತ್ತದೆ.

ಇಲ್ಲಿ ಬರೆದಿರುವುದು ಓಹಾಯೋ, ಪೆನ್ಸಿಲ್ವೇನಿಯಾ, ನ್ಯೂಜೆರ್ಸಿ, ಮಿಶಿಗನ್‌ನಂಥ ಚಳಿ ರಾಜ್ಯಗಳಲ್ಲಿ ಇರುವವರಿಗೆ. ಟೆಕ್ಸಸ್, ಫ್ಲಾರಿಡಾದ ಲೆಕ್ಕ ಬೇರೆ. ಅಲ್ಲಿ ವಸಂತ ಬೇಗ ಬರುತ್ತದೆ, ಚಳಿಗಾಲದ ತಲೆಬಿಸಿ ಕಡಿಮೆ.

ಮೊದಲು ಅಳತೆಗೋಲು

ಬೆಲೆಯಿಂದ ಶುರು ಮಾಡಬೇಡಿ. ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಕೈಗೆ ಬರುವ ಜೇನಿನ ಜೊತೆ ಮೊಟ್ಟೆ-ಮರಿ ಇದೆಯಾ, ಇಲ್ವಾ? ಉಳಿದ ಬಹುಪಾಲು ಲಾಭ-ನಷ್ಟ ಇದರಿಂದಲೇ ಹುಟ್ಟುತ್ತದೆ. ಮರಿ ಇದ್ದರೆ ಸಂಸಾರ ನಿಲ್ಲದೆ ಬೆಳೆಯುತ್ತದೆ, ಗೂಡು ಬಿಟ್ಟು ಹೋಗುವುದು ತೀರಾ ಅಪರೂಪ. ಆದರೆ ಮರಿಯ ಜೊತೆ ರೋಗವೂ, ಜೇನಿನ ಮೈಗೆ ಅಂಟಿ ಬದುಕುವ ವರೋವಾ ನುಸಿಯೂ ಬರಬಹುದು. ಮರಿ ಇಲ್ಲದಿದ್ದರೆ ಇದೆಲ್ಲ ತಿರುವುಮುರುವು.

ಎರಡನೆಯದು ನಿಮ್ಮ ಪೆಟ್ಟಿಗೆಯ ಅಳತೆ. ಇದನ್ನು ಮರೆತು ಆಮೇಲೆ ಪರದಾಡುವವರು ಬಹಳ. ಮೂರನೆಯದು ರಾಣಿ: ಎಲ್ಲಿ ಹುಟ್ಟಿದ್ದು, ಯಾವಾಗ ಹುಟ್ಟಿದ್ದು, ಮೊಟ್ಟೆ ಇಡಲು ಶುರು ಮಾಡಿದೆಯಾ. ನಾಲ್ಕನೆಯದು ದಿನಾಂಕ, ಅಂದರೆ ಜೇನು ನಿಮ್ಮ ಕೈ ಸೇರುವ ಹೊತ್ತಿಗೆ ಹೊರಗೆ ಹೂವು ಇರುತ್ತದೆಯಾ ಅನ್ನುವುದು. ಕೊನೆಗೆ ದುಡ್ಡು. ಮತ್ತೆ ನಿಮ್ಮ ಬಿಡುವು. ಪ್ಯಾಕೇಜ್ ಅಗ್ಗ ನಿಜ, ಆದರೆ ಮೊದಲ ತಿಂಗಳು ಮನೆಯಲ್ಲೇ ಇದ್ದು ನೋಡಿಕೊಳ್ಳಬೇಕು. ಏಪ್ರಿಲ್ ಕೊನೆಗೆ ಊರಿಗೆ ಹೋಗುವ ಟಿಕೆಟ್ ತೆಗೆದಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ಯಾಕೇಜ್ ಅಂದರೆ ಏನು, ಅದರ ಲೆಕ್ಕ ಏನು

ಶೂ ಡಬ್ಬಕ್ಕಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ. ಎರಡು ಬದಿಗೆ ತಂತಿ ಬಲೆ. ಒಳಗೆ ಮೂರು ಪೌಂಡ್ ನೊಣ, ಅಂದರೆ ಸುಮಾರು ಹತ್ತು ಸಾವಿರ. ನಡುವೆ ಸಕ್ಕರೆ ನೀರಿನ ಡಬ್ಬಿ ತಲೆಕೆಳಗಾಗಿ ನೇತಾಡುತ್ತಿರುತ್ತದೆ. ಅದರ ಪಕ್ಕದಲ್ಲಿ ಪುಟ್ಟ ಪಂಜರ, ಅದರೊಳಗೆ ರಾಣಿ. ಕ್ಯಾಲಿಫೋರ್ನಿಯಾದಲ್ಲಿ ಫೆಬ್ರವರಿ-ಮಾರ್ಚ್‌ನಲ್ಲಿ ಬಾದಾಮಿ ಹೂವು ಮುಗಿದ ಮೇಲೆ ತುಂಬಿ ತುಳುಕುವ ಪೆಟ್ಟಿಗೆಗಳಿಂದ ನೊಣಗಳನ್ನು ಕೊಡವಿ, ತೂಗಿ, ತುಂಬುತ್ತಾರೆ. ಜಾರ್ಜಿಯಾ ಇನ್ನೊಂದು ದೊಡ್ಡ ಮೂಲ. ರಾಣಿಯನ್ನು ಬೇರೆಯೇ ಸಾಕಿರುತ್ತಾರೆ. ಹಾಗಾಗಿ ಆ ನೊಣಗಳಿಗೂ ಆ ರಾಣಿಗೂ ರಕ್ತಸಂಬಂಧ ಇಲ್ಲ. ಪ್ರಯಾಣದಲ್ಲಿ ಒಟ್ಟಿಗೆ ಇದ್ದು, ಅವಳ ವಾಸನೆಗೆ ಹೊಂದಿಕೊಂಡಿರುತ್ತವೆ, ಅಷ್ಟೇ.

ಪೆಟ್ಟಿಗೆ ಕೈಗೆ ಬಂದಾಗ ತಳದಲ್ಲಿ ಒಂದಷ್ಟು ಸತ್ತ ನೊಣ ಇರುತ್ತವೆ. ಗಾಬರಿ ಬೇಡ. ಬೆರಳು ದಪ್ಪದ ಪದರ ಆಗಿದ್ದರೆ ಮಾತ್ರ ಮಾರಿದವರಿಗೆ ಆ ಕ್ಷಣವೇ ಫೋಟೋ ತೆಗೆದು ಕಳಿಸಿ.

ಈಗ ಲೆಕ್ಕ ನೋಡಿ. ರಾಣಿ ಪಂಜರದಿಂದ ಹೊರಬರಲು ಮೂರರಿಂದ ಐದು ದಿನ. ಎರಿ ಕಟ್ಟಿದ ಹಾಗೆಲ್ಲ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಹೊಸ ಕೆಲಸಗಾರ ನೊಣ ಹೊರಬರಲು 21 ದಿನ. ಅಂದರೆ ಮೊದಲ ಮೂರೂವರೆ-ನಾಲ್ಕು ವಾರ ಒಂದೇ ಒಂದು ಹೊಸ ನೊಣ ಹುಟ್ಟುವುದಿಲ್ಲ, ಹಳೆಯವು ದಿನಾ ಸಾಯುತ್ತಿರುತ್ತವೆ. ಪೆಟ್ಟಿಗೆ ತೆರೆದಾಗ ಜೇನು ಕಡಿಮೆಯಾದ ಹಾಗೆ ಕಾಣುತ್ತದೆ, ನಿಜಕ್ಕೂ ಕಡಿಮೆಯೇ ಆಗಿರುತ್ತದೆ. ಎರಡು ಪೌಂಡಿನ ಪ್ಯಾಕೇಜ್ ಅಗ್ಗ ಅಂತ ತೆಗೆದುಕೊಳ್ಳಬೇಡಿ ಅನ್ನುವುದು ಇದಕ್ಕೇ.

ಈ ಕೊರತೆ ತುಂಬುವುದು ಎರಡರಿಂದ. ಒಂದು, ಸಕ್ಕರೆ ನೀರು. ವಸಂತದಲ್ಲಿ ಸಮಸಮ, ಒಂದು ಪಾಲು ಸಕ್ಕರೆಗೆ ಒಂದು ಪಾಲು ನೀರು. ಮೇಣ ಮಾಡಲು ನೊಣಕ್ಕೆ ಸಿಹಿ ವಿಪರೀತ ಬೇಕು, ಏಪ್ರಿಲ್ ಮಳೆ-ಚಳಿಯಲ್ಲಿ ಹೊರಗೆ ಹೋಗಲಾಗದ ದಿನಗಳೇ ಹೆಚ್ಚು. ಕುಡಿಯುವುದು ನಿಲ್ಲಿಸುವವರೆಗೂ ಕೊಡುತ್ತಿರಿ. ಇನ್ನೊಂದು, ಮೊದಲೇ ಕಟ್ಟಿದ ಎರಿ. ಹೊಸಬರ ಹತ್ತಿರ ಅದು ಇರುವುದಿಲ್ಲ. ನಂಬಿಕಸ್ತ ಗೆಳೆಯರ ಆರೋಗ್ಯವಂತ ಪೆಟ್ಟಿಗೆಯ ಒಂದೆರಡು ಎರಿ ಸಿಕ್ಕಿದರೆ ರಾಣಿ ಹೊರಬಂದ ಒಂದೆರಡು ದಿನದಲ್ಲೇ ಮೊಟ್ಟೆ ಕಾಣಬಹುದು. ಗುರುತು ಪರಿಚಯ ಇಲ್ಲದವರ ಹಳೇ ಎರಿ ಮಾತ್ರ ಬೇಡವೇ ಬೇಡ. ಅಮೆರಿಕನ್ ಫೌಲ್‌ಬ್ರೂಡ್ ಅನ್ನುವ ಮರಿ ಕೊಳೆಯುವ ರೋಗದ ಬೀಜಕಗಳು ಹಳೇ ಎರಿಯಲ್ಲಿ, ಮರದಲ್ಲಿ ದಶಕಗಟ್ಟಲೆ ಜೀವ ಹಿಡಿದಿರುತ್ತವೆ.

ಹಾಗಾದರೆ ಪ್ಯಾಕೇಜ್‌ನಲ್ಲಿ ಒಳ್ಳೆಯದು ಏನೂ ಇಲ್ವಾ? ಇದೆ, ದೊಡ್ಡದೇ ಇದೆ. ನುಸಿ ನಿಯಂತ್ರಣಕ್ಕೆ ಇಷ್ಟು ಒಳ್ಳೆಯ ಅವಕಾಶ ಇಡೀ ವರ್ಷದಲ್ಲಿ ಮತ್ತೆ ಸುಲಭವಾಗಿ ಸಿಗುವುದಿಲ್ಲ.

ವರೋವಾ ನುಸಿ ಮೂಲತಃ ಏಷ್ಯಾದ್ದು, ನಮ್ಮ ತುಡುವೆಯ ಜಾತಿಯ ಮೇಲೆ ಬದುಕುತ್ತಿದ್ದದ್ದು. ತುಡುವೆಗೆ ಅದರ ಜೊತೆ ಏಗಿ ಅಭ್ಯಾಸ ಇದೆ. ನುಸಿಯನ್ನು ಹೆಕ್ಕಿ ಕಚ್ಚುತ್ತದೆ, ನುಸಿಯ ಸಂತಾನ ಹೆಚ್ಚಾಗಿ ಗಂಡು ಮರಿಗಳ ಕೋಶಕ್ಕೇ ಸೀಮಿತ. ಇಲ್ಲಿ ಸಾಕುವ ಯುರೋಪಿನ ಮೆಲ್ಲಿಫೆರಾ ಜೇನಿಗೆ ಈ ವಿದ್ಯೆ ಸಾಲದು. ಅಮೆರಿಕದಲ್ಲಿ ನುಸಿ ಪತ್ತೆಯಾದದ್ದು 1987ರಲ್ಲಿ. ಅಲ್ಲಿಂದೀಚೆಗೆ ಇಲ್ಲಿ ಜೇನು ಸಾಕುವುದರಲ್ಲಿ ಅರ್ಧ ಕೆಲಸ ನುಸಿಯದ್ದೇ. ಊರಲ್ಲಿ ಏನೂ ಔಷಧಿ ಹಾಕುತ್ತಿರಲಿಲ್ಲ, ಇಲ್ಲೇಕೆ ಅಂತ ಕೇಳುವವರಿಗೆ ಇದೇ ಉತ್ತರ.

ಮರಿ ಬೆಳೆಯುವಾಗ ನೊಣಗಳು ಮೇಣದ ಮುಚ್ಚಳ ಹಾಕಿದ ಕೋಶದೊಳಗೆ ಅಡಗಿದ ನುಸಿಗೆ, ಔಷಧಿಯಾಗಿ ಬಳಸುವ ಆಕ್ಸಾಲಿಕ್ ಆಮ್ಲ ತಾಗುವುದಿಲ್ಲ. ನೊಣದ ಮೈಮೇಲೆ ಇರುವುದನ್ನು ಮಾತ್ರ ಕೊಲ್ಲುತ್ತದೆ. ಪ್ಯಾಕೇಜ್‌ನಲ್ಲಿ ಮರಿಯೇ ಇಲ್ಲ, ಹಾಗಾಗಿ ಇರುವ ನುಸಿಯೆಲ್ಲ ಮೈಮೇಲೇ. ರಾಣಿ ಮೊಟ್ಟೆ ಇಟ್ಟ ಮೇಲೆ ಕೋಶಕ್ಕೆ ಮುಚ್ಚಳ ಬೀಳಲು ಸುಮಾರು ಒಂಬತ್ತು ದಿನ. ಅದರೊಳಗೆ ಒಮ್ಮೆ ಔಷಧಿ ಕೊಟ್ಟರೆ ಬೇಸಿಗೆಯನ್ನು ಹೆಚ್ಚುಕಡಿಮೆ ಚೊಕ್ಕ ಪೆಟ್ಟಿಗೆಯಿಂದ ಶುರು ಮಾಡಬಹುದು. 2015ರಿಂದ ಅಮೆರಿಕದಲ್ಲಿ ಇದಕ್ಕೆ ಅನುಮತಿ ಇದೆ. ಲೇಬಲ್ ಪೂರ್ತಿ ಓದಿ. ಹೊಗೆಯಾಗಿ ಕೊಡುವುದಾದರೆ ಆಮ್ಲದ ಆವಿಗೆ ತಕ್ಕ ಮುಖಗವಸು ಬೇಕೇ ಬೇಕು, ಬಟ್ಟೆಯ ಮಾಸ್ಕ್ ಸಾಲದು.

ನ್ಯೂಕ್

ಇದು ಪುಟ್ಟ ಸಂಸಾರ. ಸಾಮಾನ್ಯವಾಗಿ ಐದು ಫ್ರೇಮ್ (ಎರಿ ಕಟ್ಟುವ ಮರದ ಚೌಕಟ್ಟು): ಮೂರರಲ್ಲಿ ಮೊಟ್ಟೆ-ಮರಿ, ಉಳಿದದ್ದರಲ್ಲಿ ಜೇನು ಮತ್ತು ಪರಾಗ. ಮೊಟ್ಟೆ ಇಡುತ್ತಿರುವ ರಾಣಿ, ಅವಳನ್ನು ಒಪ್ಪಿಕೊಂಡ ನೊಣಗಳು. ಊರಲ್ಲಿ ಮರದ ಪೊಟರೆಯಿಂದ ತುಡುವೆ ತೆಗೆದು, ಮರಿ ಎರಿಗಳನ್ನು ಬಾಳೆ ನಾರಿನಿಂದ ಫ್ರೇಮಿಗೆ ಕಟ್ಟಿ ಕೂರಿಸುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮರಿ ಇದ್ದಲ್ಲಿ ನೊಣ ನಿಲ್ಲುತ್ತದೆ.

ಕೂರಿಸುವುದೂ ಸುಲಭ. ಐದು ಫ್ರೇಮ್‌ಗಳನ್ನು ಇದ್ದ ಕ್ರಮದಲ್ಲೇ ನಿಮ್ಮ ಪೆಟ್ಟಿಗೆಯ ನಡುವೆ ಇಟ್ಟು, ಎರಡೂ ಬದಿಗೆ ಖಾಲಿ ಫ್ರೇಮ್ ಹಾಕಿದರೆ ಮುಗಿಯಿತು. ಪ್ಯಾಕೇಜ್‌ಗಿಂತ ಮೂರು-ನಾಲ್ಕು ವಾರ ಮುಂದೆ ಇರುತ್ತದೆ. ಹೂವು ಚೆನ್ನಾಗಿದ್ದು ಮಳೆ ಕಾಟ ಕೊಡದಿದ್ದರೆ ಮೊದಲ ವರ್ಷವೇ ಸ್ವಲ್ಪ ಜೇನುತುಪ್ಪ ಸಿಗಬಹುದು. ಪ್ಯಾಕೇಜ್‌ನಿಂದ ಮೊದಲ ವರ್ಷ ತುಪ್ಪ ನಿರೀಕ್ಷಿಸಲೇಬೇಡಿ. ಚಳಿಗಾಲಕ್ಕೆ ಅದಕ್ಕೇ 60ರಿಂದ 80 ಪೌಂಡ್ ಬೇಕು.

ತೊಂದರೆ ಎಲ್ಲಿ? ಒಂದು, ಕೈಗೆ ಬರುವುದು ತಡ. ಉತ್ತರದ ರಾಜ್ಯಗಳಲ್ಲಿ ಮೇ ಆಗುತ್ತದೆ, ಕೆಲವು ಸಲ ಮೇ ಕೊನೆ. ಪ್ಯಾಕೇಜ್ ಏಪ್ರಿಲ್‌ನಲ್ಲೇ ಬಂದಿರುತ್ತದೆ, ಹಾಗಾಗಿ ಮುಂದಿದ್ದೇನೆ ಅನ್ನುವ ಲಾಭದಲ್ಲಿ ಸ್ವಲ್ಪ ಇಲ್ಲೇ ಸೋರಿಹೋಗುತ್ತದೆ.

ಎರಡು, ಅಳತೆ. ನ್ಯೂಕ್‌ಗಳು ಬಹುತೇಕ ಇಲ್ಲಿ ರೂಢಿಯಲ್ಲಿರುವ ಆಳದ ಲ್ಯಾಂಗ್‌ಸ್ಟ್ರಾತ್ ಡೀಪ್ ಫ್ರೇಮ್‌ನಲ್ಲೇ ಬರುತ್ತವೆ. ಜೇನು ತುಂಬಿದ ಡೀಪ್ ಪೆಟ್ಟಿಗೆ 40 ಕೆಜಿ ಹತ್ತಿರ ತೂಗುತ್ತದೆ. ಊರಿನ ನಮ್ಮ ಚಿಕ್ಕ ನ್ಯೂಟನ್ ಪೆಟ್ಟಿಗೆ ಎತ್ತಿ ಅಭ್ಯಾಸ ಆದವರು ಇದನ್ನು ಎತ್ತಿದಾಗಲೇ ಅರ್ಥವಾಗುವುದು. ಬೆನ್ನುನೋವು ಇರುವವರು ಎಲ್ಲವನ್ನೂ ಅದಕ್ಕಿಂತ ಗಿಡ್ಡದಾದ ಮೀಡಿಯಂ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳುವುದು ಜಾಣತನ. ಆದರೆ ಅಂಥವರಿಗೆ ಡೀಪ್ ನ್ಯೂಕ್ ಹಿಡಿಸುವುದಿಲ್ಲ. ಮೀಡಿಯಂ ನ್ಯೂಕ್ ಮಾಡಿಕೊಡುವವರು ಇದ್ದಾರೆ, ಹುಡುಕಬೇಕು. ಟಾಪ್ ಬಾರ್ (ಚೌಕಟ್ಟಿಲ್ಲದೆ ಮೇಲೆ ಬರೀ ಮರದ ಪಟ್ಟಿ ಇರುವ) ಪೆಟ್ಟಿಗೆ ಇಟ್ಟವರಿಗೆ ಪ್ಯಾಕೇಜ್ ಇಲ್ಲವೇ ಹಿಂಡೇ ಗತಿ.

ಮೂರು, ನ್ಯೂಕ್ ಅಂತ ಮಾರುವುದೆಲ್ಲ ಒಂದೇ ಅಲ್ಲ. ನಿಮ್ಮ ಕಡೆಯೇ ಚಳಿಗಾಲ ಕಳೆದ ನ್ಯೂಕ್ ಚಿನ್ನ. ಅದೇ ದಕ್ಷಿಣದ ರಾಜ್ಯದಿಂದ ಬಂದ ನೊಣಕ್ಕೆ ಒಂದೆರಡು ಮರಿ ಎರಿ, ದಕ್ಷಿಣದ್ದೇ ರಾಣಿ ಸೇರಿಸಿ ಎರಡು ವಾರದ ಹಿಂದೆ ಮಾಡಿದ್ದಾದರೆ, ನೀವು ಕೊಡುತ್ತಿರುವುದು ಪ್ಯಾಕೇಜ್‌ಗೇ ಹೆಚ್ಚಿನ ಬೆಲೆ. ಅದು ಮೋಸ ಅಂತಲ್ಲ, ಆದರೆ ಗೊತ್ತಿರಬೇಕು. ನೇರವಾಗಿ ಕೇಳಿ: ರಾಣಿ ಈ ವರ್ಷದ್ದಾ ಕಳೆದ ವರ್ಷದ್ದಾ? ಎಲ್ಲಿ ಬೆಳೆದದ್ದು? ನುಸಿ ಎಣಿಸಿದ್ದು ಯಾವಾಗ, ಔಷಧಿ ಕೊಟ್ಟದ್ದು ಯಾವುದು? ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ.

ತರುವಾಗ ಸಾಧ್ಯವಾದರೆ ಒಂದು ಮರಿ ಫ್ರೇಮ್ ಎತ್ತಿ ನೋಡಿ. ಮುಚ್ಚಳಗಳು ತಿಳಿ ಕಂದು ಬಣ್ಣಕ್ಕೆ, ಸ್ವಲ್ಪ ಉಬ್ಬಿ, ಒತ್ತೊತ್ತಾಗಿ ಇರಬೇಕು. ಕುಸಿದು, ಎಣ್ಣೆ ಹಚ್ಚಿದ ಹಾಗೆ ಕಪ್ಪಾಗಿ, ನಡುವೆ ತೂತು ಬಿದ್ದಿದ್ದರೆ ಮುಟ್ಟಬೇಡಿ. ಎರಿ ಮಸಿಯಷ್ಟು ಕಪ್ಪಾಗಿದ್ದರೆ ಅದು ಹಳೇ ಎರಿ, ಮಾರುವವರು ತಮ್ಮ ಕಸ ದಾಟಿಸುತ್ತಿದ್ದಾರೆ.

ಪಾಲಾದ ಹಿಂಡು

ಪುಕ್ಕಟೆ. ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಯಾರದ್ದೋ ಬೇಲಿ, ಮರ, ಅಂಚೆ ಡಬ್ಬದ ಮೇಲೆ ಗೊಂಚಲಾಗಿ ಕೂತಿರುತ್ತವೆ. ಹೊಟ್ಟೆ ತುಂಬ ಜೇನು ಕುಡಿದು ಹೊರಟಿರುವುದರಿಂದ ಸಾಧು. ಮೇಣ ಕಟ್ಟುವ ವೇಗ ನೋಡಿದರೆ ಪ್ಯಾಕೇಜ್ ನಾಚಬೇಕು. ಮರಿ ಇಲ್ಲ, ಹಾಗಾಗಿ ನುಸಿ ಔಷಧಿಗೆ ಇಲ್ಲೂ ಅದೇ ಅವಕಾಶ.

ಆದರೆ ದಿನಾಂಕ ಹೇಳಿ ಬರುವುದಲ್ಲ. ನಿಮ್ಮ ಕಡೆಯ ಜೇನು ಸಾಕುವವರ ಸಂಘದ ಪಟ್ಟಿಯಲ್ಲಿ ಹೆಸರು ಬರೆಸಿ, ಫೋನ್ ಬಂದ ಕೂಡಲೇ ಕೆಲಸ ಬಿಟ್ಟು ಓಡಬೇಕು. ದೊಡ್ಡ ಹಿಂಡಾದರೆ ಜೊತೆಗಿರುವುದು ಹಳೇ ರಾಣಿ, ಕೆಲವು ತಿಂಗಳಲ್ಲಿ ಬದಲಾಗಬಹುದು. ಆಮೇಲೆ ಹೊರಡುವ ಚಿಕ್ಕ ಹಿಂಡಿನಲ್ಲಿ ಇನ್ನೂ ಕೂಡದ ಕನ್ನೆ ರಾಣಿ. ಎರಡು ಮೂರು ವಾರವಾದರೂ ಮೊಟ್ಟೆ ಕಾಣದಿದ್ದರೆ ಹೊಸ ರಾಣಿ ಕೊಳ್ಳಬೇಕಾಗುತ್ತದೆ. ದಕ್ಷಿಣ ಟೆಕ್ಸಸ್, ಅರಿಜೋನಾ ಕಡೆಯವರು ಮಾತ್ರ ಹೊಸದರಲ್ಲಿ ಹಿಂಡಿಗೆ ಕೈ ಹಾಕಬೇಡಿ. ಅಲ್ಲಿ ಆಫ್ರಿಕದ ತಳಿ ಬೆರೆತ ಸಿಡುಕಿನ ಜೇನು ಇದೆ.

ಪೂರ್ತಿ ಬೆಳೆದ ಪೆಟ್ಟಿಗೆಯನ್ನೇ ಕೊಳ್ಳುವ ದಾರಿಯೂ ಇದೆ. ಬೆಲೆ ಜಾಸ್ತಿ, ಬೇಸಿಗೆಯಲ್ಲಿ ನಲವತ್ತು-ಐವತ್ತು ಸಾವಿರ ನೊಣ, ಮೇ ತಿಂಗಳಲ್ಲೇ ಪಾಲಾಗಲು ತಯಾರು. ಮೊದಲ ವರ್ಷಕ್ಕೆ ನಾನು ಯಾರಿಗೂ ಹೇಳುವುದಿಲ್ಲ.

ಪ್ಯಾಕೇಜ್ ಇಳಿಸುವುದು: ಕೊಡವುವುದಾ, ಸುಮ್ನೆ ಇಡುವುದಾ

ಪ್ಯಾಕೇಜ್ ಆರಿಸಿದವರಿಗೆ ಇನ್ನೆರಡು ಆಯ್ಕೆ ಬಾಕಿ. ಮೊದಲನೆಯದು ನೊಣಗಳನ್ನು ಇಳಿಸುವ ಬಗೆ. ನಾಲ್ಕು ಫ್ರೇಮ್ ತೆಗೆದು, ಪ್ಯಾಕೇಜನ್ನು ಒಮ್ಮೆ ನೆಲಕ್ಕೆ ಕುಟ್ಟಿ, ತಲೆಕೆಳಗು ಮಾಡಿ ಕೊಡವುವುದು ಒಂದು. ಬಾಯಿ ತೆರೆದ ಪ್ಯಾಕೇಜನ್ನು ಜೇನು ಪೆಟ್ಟಿಗೆಯ ಖಾಲಿ ಕೋಣೆಯೊಳಗೆ ಇಟ್ಟು ಮುಚ್ಚಿ, ಅವೇ ರಾಣಿಯ ಕಡೆ ನಡೆದು ಹೋಗಲಿ ಅಂತ ಬಿಡುವುದು ಇನ್ನೊಂದು.

ಕೊಡವಿದರೆ ಗದ್ದಲ ಜಾಸ್ತಿ, ಆದರೆ ಹತ್ತು ನಿಮಿಷದ ಕೆಲಸ. ಗಾಳಿ ತುಂಬ ನೊಣ ಹಾರುತ್ತವೆ. ಸ್ವಲ್ಪ ಹೊತ್ತಿಗೆ ಬಾಗಿಲ ಬಳಿ ಕೆಲವು ನೊಣಗಳು ತಲೆ ತಗ್ಗಿಸಿ, ಹಿಂಭಾಗ ಮೇಲೆತ್ತಿ, ರೆಕ್ಕೆ ಬಡಿಯುತ್ತಾ ನಿಲ್ಲುತ್ತವೆ. ಹತ್ತಿರ ಹೋದರೆ ಮಜ್ಜಿಗೆ ಹುಲ್ಲಿನಂಥ ಪರಿಮಳ. ಇದೇ ಮನೆ, ಬನ್ನಿ ಅಂತ ಉಳಿದವನ್ನು ಕರೆಯುವ ವಾಸನೆ ಅದು. ಅದು ಕಂಡಿತು ಅಂದರೆ ನೀವು ಒಳಗೆ ಹೋಗಿ ಕಾಫಿ ಕುಡಿಯಬಹುದು. ಇಟ್ಟು ಬಿಡುವ ವಿಧಾನ ಶಾಂತ, ಕೈ ನಡುಗುವವರಿಗೆ ಒಳ್ಳೆಯದು. ಆದರೆ ಮಾರನೇ ದಿನವೋ ಅದರಾಚೆಯ ದಿನವೋ ಮತ್ತೆ ತೆರೆದು ಖಾಲಿ ಡಬ್ಬ ತೆಗೆಯಲೇಬೇಕು. ತಡವಾದರೆ ಆ ಖಾಲಿ ಜಾಗದಲ್ಲೇ ಎರಿ ಕಟ್ಟಿಬಿಡುತ್ತವೆ. ಹೊರಗೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇದ್ದರೆ ಕೊಡವಬೇಡಿ, ಹುಲ್ಲಿನ ಮೇಲೆ ಬಿದ್ದ ನೊಣ ಮೇಲೇಳುವುದಿಲ್ಲ. ಬಿಸಿಲಿದ್ದರೆ ನನ್ನ ಮತ ಕೊಡವುವುದಕ್ಕೇ, ಅದೂ ಸಂಜೆ ಹೊತ್ತಿಗೆ. ಕತ್ತಲಾಗುವ ಮುಂಚೆ ಎಲ್ಲ ಒಳಸೇರುತ್ತವೆ.

ಎರಡನೆಯದು ರಾಣಿ. ಅವಳನ್ನು ನೇರ ಬಿಟ್ಟುಬಿಡಿ, ದಿನ ಉಳಿಯುತ್ತದೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪ್ಯಾಕೇಜ್ ನೊಣಗಳಿಗೆ ಆ ಪೆಟ್ಟಿಗೆಯಲ್ಲಿ ಎರಿ ಇಲ್ಲ, ಮರಿ ಇಲ್ಲ, ಕೂಡಿಟ್ಟದ್ದಿಲ್ಲ. ಅವನ್ನು ಹಿಡಿದಿಡುವುದು ರಾಣಿ ಒಬ್ಬಳೇ. ಪಂಜರದಲ್ಲಿದ್ದರೆ ಎಲ್ಲೂ ಹೋಗಲಾರಳು. ಬಿಟ್ಟರೆ ಇಡೀ ಹಿಂಡನ್ನು ಕಟ್ಟಿಕೊಂಡು ಎದ್ದು ಹೋಗಬಹುದು. ನೊಣಗಳು ಇನ್ನೂ ಒಪ್ಪಿರದಿದ್ದರೆ ಸುತ್ತುಗಟ್ಟಿ ಕೊಂದೂಬಿಡಬಹುದು. ಪಂಜರದಲ್ಲಿ ಕ್ಯಾಂಡಿ (ದಾರಿ ಮುಚ್ಚಿರುವ ಸಕ್ಕರೆ ಮುದ್ದೆ) ಇರುವ ಕಡೆಯ ಬಿರಡೆ ಮಾತ್ರ ತೆಗೆದು, ಬಲೆ ನೊಣಗಳಿಗೆ ಸಿಗುವ ಹಾಗೆ ಎರಡು ಫ್ರೇಮ್‌ಗಳ ನಡುವೆ ಸಿಕ್ಕಿಸಿ. ಕ್ಯಾಂಡಿ ತಿಂದು ಮುಗಿಸುವಷ್ಟರಲ್ಲಿ ಸಂಬಂಧ ಕುದುರಿರುತ್ತದೆ. ಐದನೇ ದಿನ ನೋಡಿ. ಪಂಜರ ಖಾಲಿಯಾಗಿದ್ದರೆ ತೆಗೆದು ಮುಚ್ಚಿ, ರಾಣಿಯನ್ನು ಹುಡುಕಲು ಹೋಗಬೇಡಿ. ಒಂದು ವಾರ ಬಿಟ್ಟು ಮೊಟ್ಟೆ ಇದೆಯಾ ನೋಡಿದರೆ ಸಾಕು.

ಹಾಗಾದರೆ ಯಾರಿಗೆ ಯಾವುದು

ಬೆಲೆ ಊರಿಂದ ಊರಿಗೆ ಬದಲಾಗುತ್ತದೆ. ಈಚಿನ ವರ್ಷಗಳಲ್ಲಿ ಮೂರು ಪೌಂಡ್ ಪ್ಯಾಕೇಜ್ 150ರಿಂದ 200 ಡಾಲರ್, ನ್ಯೂಕ್ 200ರಿಂದ 300ರ ಒಳಗೆ ಅಂತ ಇಟ್ಟುಕೊಳ್ಳಿ. ಪ್ಯಾಕೇಜ್‌ಗೆ ಜಾಸ್ತಿ ಸಕ್ಕರೆ ಬೇಕು, ಕೆಲವೊಮ್ಮೆ ನಡುವೆ ಇನ್ನೊಂದು ರಾಣಿ ಬೇಕಾಗಬಹುದು. ಅದನ್ನೂ ಸೇರಿಸಿದರೆ ವ್ಯತ್ಯಾಸ ಅಷ್ಟು ದೊಡ್ಡದಲ್ಲ.

ಮಕ್ಕಳಿಗೆ ತೋರಿಸಬೇಕು, ಒಂದೇ ಪೆಟ್ಟಿಗೆ ಸಾಕು, ಡೀಪ್ ಪೆಟ್ಟಿಗೆ ಇದೆ ಅನ್ನುವವರಿಗೆ ಸ್ಥಳೀಯ ನ್ಯೂಕ್. ಮೀಡಿಯಂ ಅಥವಾ ಟಾಪ್ ಬಾರ್ ಇದ್ದವರಿಗೆ ಪ್ಯಾಕೇಜ್. ಎರಿ ಕಟ್ಟುವುದರಿಂದ ಹಿಡಿದು ಎಲ್ಲವನ್ನೂ ಕಣ್ಣಾರೆ ನೋಡಿ ಕಲಿಯಬೇಕು, ಮೊದಲ ವರ್ಷ ತುಪ್ಪ ಬೇಡ ಅನ್ನುವವರಿಗೂ ಅದೇ. ಕೈಯಲ್ಲಿ ದುಡ್ಡಿಲ್ಲ, ಹೊತ್ತಿದೆ, ಸಂಘದಲ್ಲಿ ಗುರುತಿನವರಿದ್ದಾರೆ ಅಂದರೆ ಹಿಂಡಿಗೆ ಕಾಯಿರಿ. ಈ ವರ್ಷ ಸಿಗದೇ ಹೋದರೂ ಪರವಾಗಿಲ್ಲ ಅನ್ನುವ ಮನಸ್ಸಿರಬೇಕು.

ತಳಿಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಇಟಾಲಿಯನ್ ಮರಿ ಹೆಚ್ಚು ಮಾಡುತ್ತದೆ, ಚಳಿಗಾಲದಲ್ಲಿ ಹೆಚ್ಚು ತಿನ್ನುತ್ತದೆ. ಕಾರ್ನಿಯೋಲನ್ ಮಿತವಾಗಿ ತಿನ್ನುತ್ತದೆ, ವಸಂತದಲ್ಲಿ ಬೇಗ ಏಳುತ್ತದೆ, ಬೇಗ ಪಾಲೂ ಆಗುತ್ತದೆ. ಮೊದಲ ವರ್ಷಕ್ಕೆ ಯಾವುದಾದರೂ ನಡೆಯುತ್ತದೆ.

ಇನ್ನು ಎರಡು ಪೆಟ್ಟಿಗೆ ಇಡುವಷ್ಟು ಜಾಗ, ದುಡ್ಡು ಇದ್ದರೆ ನಾನು ಹೇಳುವುದು ಒಂದು ನ್ಯೂಕ್, ಒಂದು ಪ್ಯಾಕೇಜ್. ಎರಡಕ್ಕೂ ಒಂದೇ ಅಳತೆಯ ಫ್ರೇಮ್ ಇರಲಿ. ಪ್ಯಾಕೇಜ್ ಸೊರಗಿದರೆ, ಬಲಿತ ನ್ಯೂಕ್‌ನಿಂದ ಮುಚ್ಚಳ ಹಾಕಿದ ಮರಿಯ ಒಂದು ಫ್ರೇಮ್ ತೆಗೆದು, ನೊಣ ಕೊಡವಿ, ರಾಣಿ ಅದರಲ್ಲಿಲ್ಲ ಅಂತ ಖಾತ್ರಿ ಮಾಡಿಕೊಂಡು ಇದಕ್ಕೆ ಕೊಡಿ. ಕೆಲವೇ ದಿನಗಳಲ್ಲಿ ಸಾವಿರಾರು ಎಳೆ ನೊಣ ಹುಟ್ಟುತ್ತವೆ. ಪ್ಯಾಕೇಜ್‌ನ ರಾಣಿ ಸತ್ತರೆ ಮೊಟ್ಟೆ ಇರುವ ಫ್ರೇಮ್ ಕೊಡಿ, ಅವೇ ಹೊಸ ರಾಣಿ ಬೆಳೆಸಿಕೊಳ್ಳುತ್ತವೆ. ಒಂದೇ ಪೆಟ್ಟಿಗೆ ಇದ್ದವರಿಗೆ ಈ ದಾರಿ ಇಲ್ಲ, ಪಕ್ಕದವರ ಬಾಗಿಲು ತಟ್ಟಬೇಕು.

ಯಾವುದೇ ಆದರೂ ಫೆಬ್ರವರಿಯೊಳಗೆ ಮುಂಗಡ ಕೊಟ್ಟುಬಿಡಿ, ಮಾರ್ಚ್‌ಗೆ ಹಲವು ಕಡೆ ಖಾಲಿ. ಮುಂಗಡ ಕೊಡುವ ಮುಂಚೆ ನಗರಸಭೆಯ ನಿಯಮ, ಬಡಾವಣೆ ಸಂಘದ ನಿಯಮ ಎರಡನ್ನೂ ನೋಡಿ. ಹಲವು ರಾಜ್ಯಗಳಲ್ಲಿ ಪೆಟ್ಟಿಗೆ ಇಟ್ಟ ಜಾಗವನ್ನು ಕೃಷಿ ಇಲಾಖೆಯಲ್ಲಿ ನೋಂದಾಯಿಸುವುದು ಕಡ್ಡಾಯ. ಫಾರ್ಮ್ ಚಿಕ್ಕದು, ಜೇನು ಬರುವ ಮೊದಲೇ ತುಂಬಿ ಕಳಿಸಿ.